ಪಟ್ಟೆ ಎಳೆಯದ ಓಣಿ

ಕೈ ಅಂದರೆ ಹಳದಿಯಕ್ಕನ ಕೈ. ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವವರು ಹದಿನಾಲ್ಕು ಮಂದಿ ಇದ್ದರು. ಬಣ್ಣ ಬಳಿಯುವುದರಲ್ಲಿ ಅವಳನ್ನು ಮೀರಿಸುವವರು ಒಬ್ಬರೂ ಇರಲಿಲ್ಲ. ಉಳಿದ ಹದಿಮೂರು ಮಂದಿಯೂ ಇದನ್ನು ಒಪ್ಪಿದ್ದರು, ಅವಳೆದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ ಅನ್ನುವ ಭಯ. ಕೂರುತ್ತಿದ್ದಳು ಕೂಡ, ಸುಳ್ಳೇಕೆ ಹೇಳಲಿ.

ಕಂಪ್ಯೂಟರು ಬರುವುದಕ್ಕೆ ಮುಂಚಿನ ಮಾತು ಇದು. ಇಡೀ ಊರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಕೈಯಲ್ಲೇ ಬಣ್ಣ ಹಾಕುತ್ತಿದ್ದ ಕಾಲ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ನೇರಳೆ, ತೋಪು ಉದ್ಯಾನಗಳಿಗೆ ಹಸಿರು. ಹಲಗೆಯನ್ನು ಒಂದಿಷ್ಟು ಓರೆ ಮಾಡಿಕೊಂಡು, ಕುಂಚದ ತುಂಬ ಬಣ್ಣದ ನೀರು ತೆಗೆದುಕೊಂಡು ಮೇಲಿನ ಅಂಚಿನಿಂದ ಎಳೆಯುತ್ತ ಬರಬೇಕು. ನೀರು ಒಣಗುವ ಮೊದಲೇ ಮುಂದಿನ ಸಾಲಿಗೆ ಇಳಿಸಬೇಕು. ನಡುವೆ ಕೆಮ್ಮಿದರೂ ಕಲೆ ಬೀಳುತ್ತದೆ. ಅದರಲ್ಲೂ ಹಳದಿ ಭಾರಿ ತುಂಟ ಬಣ್ಣ, ಕೈ ಒಂದು ಕ್ಷಣ ತಡೆದರೆ ಸಾಕು, ಗೆರೆ ಎದ್ದು ಕಾಣುತ್ತದೆ. ಅವಳ ಹಳದಿಯಲ್ಲಿ ಗೆರೆ ಹುಡುಕಿ ಸೋತವರೇ ಎಲ್ಲ. ಹಾಗಾಗಿ ಕಚೇರಿಯಲ್ಲಿ ಅವಳಿಗೆ ಹಳದಿಯಕ್ಕ ಎಂದೇ ಹೆಸರಾಯಿತು.

ಅವಳಿಗೆ ಆಗದೇ ಇದ್ದದ್ದು ಒಂದೇ, ಪಟ್ಟೆ. ಒಂದೇ ಕಟ್ಟಡದಲ್ಲಿ ಮನೆಯೂ ಇದ್ದು ಕೆಲಸವೂ ನಡೆಯುತ್ತಿದ್ದರೆ ಎರಡು ಬಣ್ಣದ ಪಟ್ಟೆ ಎಳೆಯಬೇಕು ಎಂದು ನಿಯಮ. ಒಂದು ಬಣ್ಣ ಬಳಿದು ಒಣಗಲು ಬಿಟ್ಟು, ಸಂದಿಯಲ್ಲಿ ಇನ್ನೊಂದನ್ನು ತೂರಿಸುವ ತಾಪತ್ರಯದ ಕೆಲಸ. ಎಷ್ಟು ಹುಷಾರಾಗಿ ಎಳೆದರೂ ಅಂಚಿನಲ್ಲಿ ಎರಡು ಬಣ್ಣ ಕೂಡಿ ಕೊಳಕು ಕಾಣುತ್ತಿತ್ತು. ಪಕ್ಕದ ಮೇಜಿನಲ್ಲಿ ಒಬ್ಬನಿದ್ದ, ನಿಧಾನಕ್ಕೆ ಹೆಸರಾದವನು, ಎಲ್ಲರೂ ಆಮೆ ಎಂದೇ ಕರೆಯುತ್ತಿದ್ದರು. ಸಮೀಕ್ಷೆಯ ಪುಸ್ತಕದಲ್ಲಿ ಎರಡು ಉಪಯೋಗ ಅಂತ ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಪಾಪ ಪಟ್ಟೆ ಎಳೆಯುತ್ತ ಕೂರುತ್ತಿದ್ದ.

"ಏನಪ್ಪಾ, ನಕ್ಷೆ ಬರೀತಿದ್ದೀಯೋ ಪೈಜಾಮ ಹೊಲೀತಿದ್ದೀಯೋ?" ಎಂದು ಹಳದಿಯಕ್ಕ ಅವನ ಹಾಳೆ ನೋಡಿ ಮೂಗು ಮುರಿಯುತ್ತಿದ್ದಳು. ಆಮೆ ನಕ್ಕು ಮತ್ತೊಂದು ಪಟ್ಟೆ ಎಳೆಯುತ್ತಿದ್ದ.

ಇನ್ನು ಅವಳ ಮನೆಯಿದ್ದ ಓಣಿ. ಅದನ್ನು ನೋಡಿದ್ದರೆ ನೀವೇ ಹೇಳುತ್ತಿದ್ದಿರಿ, ಈ ಓಣಿಗೆ ಒಂದು ಬಣ್ಣ ಸಾಲದು ಅಂತ. ಕೆಳಗೆ ಪುಸ್ತಕ ಕಟ್ಟುವವನ ಅಂಗಡಿ, ಮೇಲೆ ಅವನ ಸಂಸಾರ. ಪಕ್ಕದಲ್ಲಿ ದರ್ಜಿ, ಅವನ ಹೊಲಿಗೆ ಯಂತ್ರದ ಹಿಂದೆಯೇ ಅಡುಗೆಮನೆ. ಆಮೇಲೆ ಸೈಕಲ್ ರಿಪೇರಿ, ಇಸ್ತ್ರಿ, ಕೊಡೆ ದುರಸ್ತಿ, ಪಾತ್ರೆಗೆ ಬೆಸುಗೆ ಹಾಕುವವನು. ಓಣಿಯ ಕೊನೆಯಲ್ಲಿ, ಕಬ್ಬಿಣ ಕಡೆಯುವ ಲೇತ್ ಯಂತ್ರವಿದ್ದ ತಗಡಿನ ಮಾಡಿನ ಶೆಡ್ಡು. ಆ ಶೆಡ್ಡಿನ ಮೇಸ್ತ್ರಿಯೇ ಅವಳ ಗಂಡ.

ಮೇಸ್ತ್ರಿಗೆ ಮನೆಯಿಂದ ಶೆಡ್ಡಿಗೆ ತೊಂಬತ್ತು ಹೆಜ್ಜೆ. ಮಧ್ಯಾಹ್ನ ಒಂದು ಗಂಟೆಗೆ ಕೈಗೆ ಸೋಪು ತಿಕ್ಕುತ್ತಲೇ ಮನೆಗೆ ಬಂದು, ಬಿಸಿ ಊಟ ಮಾಡಿ, ಉಪ್ಪು ಕಮ್ಮಿ ಎಂದು ಗೊಣಗಿ, ಹತ್ತು ನಿಮಿಷ ನೆಲದ ಮೇಲೆ ಕಾಲು ಚಾಚಿ ಮಲಗಿ ಮತ್ತೆ ಹೋಗುತ್ತಿದ್ದ. ಮಗಳಿಗೆ ಆಗ ಮೂರು ವರ್ಷ. ಅಜ್ಜಿಯ ಕಣ್ಣು ತಪ್ಪಿಸಿ ದಿನಕ್ಕೆ ನಾಲ್ಕು ಸಲ ಶೆಡ್ಡಿನ ಕಿಟಕಿಗೆ ಜೋತುಬೀಳುತ್ತಿದ್ದಳು. ಆ ಓಣಿಯವರಿಗೆ ಬಸ್ಸು ಬೇಕಾಗುತ್ತಿದ್ದದ್ದು ಮದುವೆಗೆ ಹೋಗುವಾಗ ಮಾತ್ರ. ಹಳದಿಯಕ್ಕನೂ ನಡೆದೇ ಕಚೇರಿಗೆ ಹೋಗುತ್ತಿದ್ದಳು.

ಇಪ್ಪತ್ತೇಳನೇ ಹಾಳೆ ಅವಳ ಮೇಜಿಗೆ ಬಂತು. ನೋಡಿದರೆ ಅದರಲ್ಲಿ ತನ್ನದೇ ಓಣಿ. ಹಿಗ್ಗಿ ಉಬ್ಬಿದಳು. ಅದಕ್ಕೂ ಹಿಂದೆ ಅವಳು ಬಳಿದ ಇಪ್ಪತ್ತಾರು ಹಾಳೆಗಳಲ್ಲಿ ಒಂದು ಕಲೆಯೂ ಬಿದ್ದಿರಲಿಲ್ಲ, ಹಿರಿಯ ನಕ್ಷೆಗಾರರು ಅವನ್ನೆಲ್ಲ ಸಭಾಂಗಣದ ಗೋಡೆಗೆ ಹಾಕಿಸುವುದಾಗಿ ಹೇಳಿದ್ದರು. ಸಮೀಕ್ಷೆಯ ಪುಸ್ತಕ ತೆಗೆದರೆ ಆ ಓಣಿಯ ಎದುರು ಉದ್ದಕ್ಕೂ ಒಂದೇ ಬರಹ: ಮನೆ ಮತ್ತು ಕೆಲಸ, ಮನೆ ಮತ್ತು ಅಂಗಡಿ, ಮನೆ ಮತ್ತು ಕೆಲಸ. ಅಂದರೆ ಇಡೀ ಓಣಿಗೆ ಪಟ್ಟೆ. ಅವಳಿಗೆ ರೇಗಿತು. ಅವಸರವೇನೂ ಇರಲಿಲ್ಲ, ಮಾರನೆಯ ದಿನ ಕೊಟ್ಟರೂ ನಡೆಯುತ್ತಿತ್ತು. ಆದರೂ ಗೋಡೆಗೆ ಏರುವ ಹಾಳೆಗಳಲ್ಲಿ ತನ್ನ ಓಣಿಯೇ ಪೈಜಾಮದ ಹಾಗೆ ಕಾಣುವುದೇ ಎಂದು ಮನಸ್ಸು ಒಪ್ಪಲಿಲ್ಲ. ಇದು ಬರೀ ಚಿತ್ರ ತಾನೇ, ಅಲ್ಲಿ ಏನೇನಿದೆ ಅಂತ ಊರಿಗೇ ಗೊತ್ತು, ಎಂದುಕೊಂಡಳು. ಕುಂಚ ಅದ್ದಿದಳು. ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತದಲ್ಲಿ ಓಣಿಯನ್ನು ಹಳದಿ ಮಾಡಿ, ಮೂಲೆಯಲ್ಲಿ ತನ್ನ ಸಹಿ ಹಾಕಿದಳು.

ಹಿರಿಯ ನಕ್ಷೆಗಾರರು ಕನ್ನಡಕ ಹಣೆಗೇರಿಸಿ ನೋಡಿದರು. "ನೋಡ್ರಪ್ಪಾ, ಕೆಲಸ ಅಂದ್ರೆ ಇದು," ಎಂದರು. ಆ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬರೀ ಚಿತ್ರ ಅಂದುಕೊಂಡದ್ದು ಮೂರು ವರ್ಷಕ್ಕೆ ಕಾನೂನಾಯಿತು. ಹಳದಿ ಇರುವ ಕಡೆ ಮನೆಗಳು ಮಾತ್ರ ಇರತಕ್ಕದ್ದು, ಉಳಿದದ್ದೆಲ್ಲ ಊರಾಚೆ ವರ್ತುಲ ರಸ್ತೆಯನ್ನೂ ದಾಟಿ ಕಟ್ಟುತ್ತಿರುವ ಕೈಗಾರಿಕಾ ಬಡಾವಣೆಗೆ ಹೋಗತಕ್ಕದ್ದು. ಆಮೇಲೆ ಓಣಿಯ ಒಂದೊಂದೇ ಬಾಗಿಲಿಗೆ ನೋಟೀಸು ಬಂತು. ತಪ್ಪಿದ್ದರೆ ಮೂವತ್ತು ದಿನದೊಳಗೆ ಆಕ್ಷೇಪ ಸಲ್ಲಿಸಬಹುದು ಎಂದು ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಮೇಸ್ತ್ರಿ ಆ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಬಂದ. ಮೊದಲು ನಗುತ್ತಲೇ ಇದ್ದ.

"ಇಲ್ಲಿ ಬರೀ ಮನೆಗಳು ಇವೆಯಂತೆ ಕಣೇ. ನನ್ನ ಲೇತು ಏನು ಮಂಚದ ಕೆಳಗಿದೆಯಾ? ನಿಮ್ಮ ಕಚೇರೀಲಿ ಯಾವ ಕುರುಡ ಬಳಿದಿದ್ದು ಇದನ್ನ?"

ಹಳದಿಯಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ಉಳಿಯಿತು. ಆಗ ಹೇಳಿಬಿಟ್ಟಿದ್ದರೆ ಮುಗಿದಿರುತ್ತಿತ್ತು. ಸಮೀಕ್ಷೆಯ ಪುಸ್ತಕ ಕಪಾಟಿನಲ್ಲೇ ಇತ್ತು, ಅದನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ಎಂಥವನಿಗೂ ತಪ್ಪು ಕಾಣುತ್ತಿತ್ತು. ಜೊತೆಗೆ ಮೂಲೆಯಲ್ಲಿರುವ ಸಹಿಯೂ ಕಾಣುತ್ತಿತ್ತಲ್ಲ.

"ಹದಿನಾಲ್ಕು ಜನ ಇದ್ದೀವಿ ರೀ. ಯಾರ ಕೈಗೆ ಹೋಗಿತ್ತೋ ಏನೋ," ಎಂದಳು.

"ನೀನಂತೂ ಅಲ್ಲ ಬಿಡು. ಇಲ್ಲೇ ಇರೋಳು, ನೀನಾಗಿದ್ದರೆ ಪಟ್ಟೆ ಎಳೀತಿದ್ದೆ," ಎಂದ ಮೇಸ್ತ್ರಿ, ಮತ್ತು ಆ ಮಾತನ್ನು ಅಲ್ಲಿಗೇ ಬಿಟ್ಟ. ಅನುಮಾನ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲೇ ಇಲ್ಲ. ಅನುಮಾನಪಟ್ಟಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮೂವತ್ತು ದಿನ ಅವಳು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದಳು. ಮೂವತ್ತೊಂದನೇ ದಿನ ಹೇಳುವುದಕ್ಕೆ ಅರ್ಥವೂ ಉಳಿಯಲಿಲ್ಲ.

ಲೇತನ್ನು ಲಾರಿಗೆ ಏರಿಸಿದರು. ಅದರ ಹಿಂದೆಯೇ ಪುಸ್ತಕ ಕಟ್ಟುವ ಯಂತ್ರ, ಬೆಸುಗೆಯವನ ಸಿಲಿಂಡರು. ಕೈಗಾರಿಕಾ ಬಡಾವಣೆ ಇಪ್ಪತ್ತಮೂರು ಕಿಲೋಮೀಟರು ದೂರ. ಅಲ್ಲಿ ಮೊದಲಿದ್ದದ್ದು ದೊಡ್ಡ ತೋಪು, ಈ ಯೋಜನೆಗೂ ಮುಂಚಿನ ನಕ್ಷೆಯಲ್ಲಿ ಹಳದಿಯಕ್ಕನೇ ಅದಕ್ಕೆ ಹಸಿರು ಬಳಿದಿದ್ದಳು. ಈಗ ಮರ ಕಡಿದು ಕಾಂಕ್ರೀಟು ಹಾಕಿದ್ದರು. ಮೇಸ್ತ್ರಿ ಎರಡು ವರ್ಷ ಎರಡು ಬಸ್ಸು ಹಿಡಿದು ಹೋದ. ಆಮೇಲೆ ಸ್ಕೂಟರು ತಗೊಂಡ. ಅವನೊಬ್ಬನೇ ಅಲ್ಲ, ಗಾಡಿಯೇ ಇಲ್ಲದಿದ್ದ ಓಣಿಯಲ್ಲಿ ಮನೆಗೊಂದು ಸ್ಕೂಟರು ಬಂತು, ಕೆಲವರಿಗೆ ಕಾರೂ ಬಂತು. ದರ್ಜಿ ಹೋದ ಮೇಲೆ ಒಂದು ಗುಂಡಿ ಹಾಕಿಸಬೇಕಾದರೂ ಗಾಡಿ ತೆಗೆಯಬೇಕಾಯಿತು. ಪಕ್ಕದ ಶಾಲೆಯ ಜಾಗವೂ ಬೆಲೆ ಏರಿ ಮಾರಾಟವಾಗಿ, ಶಾಲೆ ದೂರಕ್ಕೆ ಹೋಯಿತು, ಅದಕ್ಕೊಂದು ವ್ಯಾನು. ಬೆಳಿಗ್ಗೆ ಆರರಿಂದಲೇ ಗಾಡಿಗಳು ಒಂದೊಂದಾಗಿ ಗುರುಗುಟ್ಟಿ, ಎಂಟೂವರೆಗೆ ಓಣಿ ಬಿಕೋ ಅನ್ನುತ್ತಿತ್ತು. ಸ್ವಚ್ಛವಾಗಿಯೂ ನಿಶ್ಶಬ್ದವಾಗಿಯೂ ಇತ್ತು, ಥೇಟ್ ಅವಳು ಬಳಿದಂತೆ.

ಮೇಸ್ತ್ರಿ ಬುತ್ತಿಯ ತಣ್ಣನೆಯ ಊಟಕ್ಕೆ ಒಗ್ಗಿಕೊಂಡ. ಉಪ್ಪಿನ ಬಗ್ಗೆ ಗೊಣಗುವುದನ್ನು ಬಿಟ್ಟ. ಅವನು ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಬರುವಷ್ಟರಲ್ಲಿ ಮಲಗಿರುತ್ತಿದ್ದಳು. ಭಾನುವಾರ ಸಿಗುತ್ತಿದ್ದಳು, ಆದರೆ ಭಾನುವಾರ ಅವನಿಗೇ ನಿದ್ದೆ. ಹೀಗೆ ಹತ್ತೊಂಬತ್ತು ವರ್ಷ. ಕೊನೆಗೆ ಸ್ಕೂಟರಿನ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡು, ಡಾಕ್ಟರು ಸಾಕು ಅಂದ ಮೇಲೆ ಲೇತು, ಸ್ಕೂಟರು ಎರಡನ್ನೂ ಮಾರಿ ಮನೆಯಲ್ಲಿ ಕೂತ. ಅಷ್ಟು ಹೊತ್ತಿಗೆ ಮಗಳು ಕೆಲಸಕ್ಕೆ ಸೇರಿ, ಊರಿನ ಇನ್ನೊಂದು ತುದಿಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದಳು. ಅವಳೂ ದಿನಾ ಮೂವತ್ತು ಕಿಲೋಮೀಟರು ಕಾರು ಓಡಿಸುತ್ತಿದ್ದಳು. ಅಪ್ಪನಿಗೆ ಫೋನು ಮಾಡಿದರೆ "ಊಟ ಆಯ್ತಾಪ್ಪಾ?" ಎಂದು ಕೇಳಿ, ಮುಂದೇನು ಮಾತಾಡುವುದೋ ತೋಚದೆ, "ಅಮ್ಮಂಗೆ ಕೊಡಿ" ಅನ್ನುತ್ತಿದ್ದಳು.

ಹಳದಿಯಕ್ಕ ನಿವೃತ್ತಳಾದ ಮರುವರ್ಷ ಒಂದು ಮಧ್ಯಾಹ್ನ, ಮೇಸ್ತ್ರಿ ಹೊರಗೆ ಹೋಗಿದ್ದಾಗ, ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. ನಗರಸಭೆಯ ಕಡೆಯವಳು, ಊರಿನ ಯಾವ ಭಾಗದಿಂದ ಎಷ್ಟು ಹೊಗೆ ಏಳುತ್ತಿದೆ ಅಂತ ಲೆಕ್ಕ ಹಾಕುವುದು ಅವಳ ಕೆಲಸ. ಹೊಗೆ ಲೆಕ್ಕದ ಹುಡುಗಿ ಅಂತಲೇ ಓಣಿಯವರು ಕರೆಯುತ್ತಿದ್ದರು, ಏಕೆಂದರೆ ಒಂದು ತಿಂಗಳಿಂದ ಮನೆ ಮನೆಗೆ ಹೋಗಿ, ಹಾಲು ಎಲ್ಲಿಂದ ತರ್ತೀರಿ, ಕೆಲಸ ಎಲ್ಲಿ, ಹೇಗೆ ಹೋಗ್ತೀರಿ, ವಾರಕ್ಕೆ ಎಷ್ಟು ಲೀಟರು ಪೆಟ್ರೋಲು ಎಂದು ಕೇಳಿ ಎಲ್ಲರ ತಲೆ ತಿಂದಿದ್ದಳು.

"ನಮ್ಮ ಓಣೀಲಿ ಎಲ್ಲಿದೆಯಮ್ಮಾ ಹೊಗೆ? ಒಂದು ಚಿಮಣಿ ಇಲ್ಲ," ಎಂದಳು ಹಳದಿಯಕ್ಕ.

"ಚಿಮಣಿ ಇಲ್ಲ ಆಂಟಿ, ಹೊಗೆ ದಾರೀಲಿದೆ," ಎಂದಳು ಹುಡುಗಿ. "ಮನೆ ಒಂದು ಕಡೆ, ಕೆಲಸ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಇಟ್ಟುಬಿಟ್ರೆ ಜನ ಏನ್ ಮಾಡ್ತಾರೆ? ಗಾಡಿ ತೆಗೀತಾರೆ. ಅವರ ತಪ್ಪಲ್ಲ ಅದು. ಜಾಗ ಹಂಚಿದವರ ತಪ್ಪು."

ಮೇಜಿನ ಮೇಲೆ ಎರಡು ಹಾಳೆ ಬಿಡಿಸಿದಳು. ಒಂದು ಹಳೆಯ ನಕ್ಷೆಯ ಪ್ರತಿ. ಇನ್ನೊಂದರಲ್ಲಿ ಹೊಗೆ ಜಾಸ್ತಿ ಇರುವ ಮನೆಗಳಿಗೆ ಕೆಂಪು. ಎಲ್ಲೆಲ್ಲಿ ಹಳದಿ ನುಣ್ಣಗೆ ಹರಡಿತ್ತೋ ಅಲ್ಲೆಲ್ಲ ಕೆಂಪು ದಟ್ಟವಾಗಿತ್ತು. ಆಚೆ ಮಾರುಕಟ್ಟೆಯ ಹಿಂದಿನ ಒಂದು ಓಣಿ ಮಾತ್ರ ಬೆಳ್ಳಗೆ ಉಳಿದಿತ್ತು. ಅಲ್ಲಿ ಇವತ್ತಿಗೂ ಕೆಳಗೆ ಕೆಲಸ, ಮೇಲೆ ಮನೆ. ಈ ಓಣಿಯವರು ಸುಡುವುದರ ಕಾಲು ಭಾಗವನ್ನೂ ಅಲ್ಲಿನವರು ಸುಡುವುದಿಲ್ಲವಂತೆ. ಹಳದಿಯಕ್ಕ ಹಳೆಯ ನಕ್ಷೆಯಲ್ಲಿ ಆ ಜಾಗ ನೋಡಿದಳು. ಪಟ್ಟೆ ಪಟ್ಟೆ. ಅಂಚಿನಲ್ಲಿ ಬಣ್ಣ ಕೂಡಿ ಕೊಳಕಾಗಿದ್ದ ಆಮೆಯ ಪಟ್ಟೆಗಳು. ಆಮೆ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಕ್ಷಮೆ ಕೇಳುವುದಕ್ಕೂ ಹೊತ್ತು ಮೀರಿಹೋಗಿತ್ತು.

"ಇನ್ನೊಂದು ವಿಷಯ," ಎಂದು ಹುಡುಗಿ ದನಿ ತಗ್ಗಿಸಿದಳು. "ಹೊಸ ಯೋಜನೆ ಬರ್ತಿದೆ. ಹಿಂದೆ ಕೆಲಸ ನಡೀತಿದ್ದ ಓಣಿ ಅಂತ ರುಜುವಾತಾದ್ರೆ ಸಣ್ಣ ಕಸುಬುಗಳು ವಾಪಸ್ ಬರಬಹುದು. ಪುಸ್ತಕ ಕಟ್ಟೋರ ಸೊಸೆ, ದರ್ಜಿ ಮಗಳು, ಇನ್ನೂ ಐದಾರು ಜನ ಕಾಯ್ತಿದ್ದಾರೆ. ಆದ್ರೆ ಸಮೀಕ್ಷೆ ಪುಸ್ತಕ ಗೆದ್ದಲು ತಿಂದುಹೋಗಿದೆ. ಬಳಿದವರೇ ಬಂದು, ಅಲ್ಲಿ ಎರಡೂ ಇತ್ತು, ನಾನೇ ತಪ್ಪು ಬಳಿದೆ ಅಂತ ಬರೆದುಕೊಡಬೇಕು." ಹಾಳೆಯ ಮೂಲೆಯ ಮೇಲೆ ಬೆರಳಿಟ್ಟಳು. "ಈ ಸಹಿ ನಿಮ್ಮದಾ ಆಂಟಿ?"

ಅಲ್ಲ ಅಂದಿದ್ದರೆ ಆ ಹುಡುಗಿ ನಂಬಿಕೊಂಡು ಹೋಗುತ್ತಿದ್ದಳು. ಸಹಿ ಅಂದರೆ ಎರಡು ಸೊಟ್ಟ ಗೆರೆ, ಯಾರದಾದರೂ ಆಗಬಹುದಿತ್ತು. ಹಳದಿಯಕ್ಕ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ನಂದೇ," ಎಂದಳು.

ವಿಚಾರಣೆಗೆ ಹನ್ನೆರಡು ದಿನವಿತ್ತು. ಇತ್ತ ಓಣಿಯವರು ಸಭೆ ಸೇರಿ, ನಮ್ಮ ಪರ ಮಾತಾಡಲು ಮೇಸ್ತ್ರಿಯೇ ಸರಿ ಎಂದು ಆರಿಸಿದರು. ಅವನ ಉತ್ಸಾಹ ನೋಡಬೇಕಿತ್ತು. ಬೀರುವಿನಿಂದ ಇಸ್ತ್ರಿ ಶರ್ಟು ತೆಗೆಸಿದ, ಕನ್ನಡಿ ಮುಂದೆ ನಿಂತು ಭಾಷಣ ಒಪ್ಪಿಸಿದ. "ಆ ಬಳಿದವನು ಸಿಕ್ಕಿದಾನಂತೆ ಕಣೇ. ತಾನೇ ಬಂದು ಒಪ್ಕೋತಾನಂತೆ. ಇರಲಿ, ಈಗಲಾದ್ರೂ ಬುದ್ಧಿ ಬಂತಲ್ಲ. ಒಂದ್ಸಲ ಅವನ ಮುಖ ನೋಡ್ಬೇಕು ನಾನು." ಬಳಿದವರ ಹೆಸರನ್ನು ಹುಡುಗಿ ಯಾರಿಗೂ ಹೇಳಿರಲಿಲ್ಲ, ಹಳದಿಯಕ್ಕನೇ ಬೇಡಿಕೊಂಡಿದ್ದಳು. ಮನೆಯವರಿಗೆ ನಾನೇ ಹೇಳುತ್ತೇನೆ ಅಂದಿದ್ದಳು. ಹನ್ನೆರಡು ದಿನವೂ ಊಟಕ್ಕೆ ಬಡಿಸುವಾಗ ಹೇಳಬೇಕೆಂದುಕೊಂಡು, ಇನ್ನಷ್ಟು ಸಾರು ಹಾಕಲಾ ಎಂದಷ್ಟೇ ಕೇಳಿದಳು.

ಆ ದಿನ ಇಬ್ಬರೂ ಬಸ್ಸಿನಲ್ಲಿ ಹೋದರು. ತಾನೂ ಬರುತ್ತೇನೆ ಅಂದಾಗ ಮೇಸ್ತ್ರಿ, ತನ್ನ ಭಾಷಣ ಕೇಳಲು ಎಂದುಕೊಂಡು ಖುಷಿಪಟ್ಟ. ವಿಚಾರಣೆಯ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅವರ ಮುಂದೆ ಇನ್ನೂ ಎರಡು ಓಣಿಗಳ ಸರದಿ ಇತ್ತು. ಮೇಸ್ತ್ರಿ ಚೀಟಿ ಬಿಡಿಸಿ ಓದಿಕೊಳ್ಳುತ್ತ, ಬರುವವರ ಹೋಗುವವರ ಮುಖ ನೋಡುತ್ತಿದ್ದ.

"ಇವನಿರಬಹುದಾ?" ಎಂದು ಕನ್ನಡಕದವನೊಬ್ಬನನ್ನು ತೋರಿಸಿದ.

"ಅಲ್ಲ ರೀ. ನಾನು."

"ಏನು ನೀನು?"

"ಬಳಿದದ್ದು. ನಮ್ಮ ಓಣಿಗೆ ಹಳದಿ ಬಳಿದವಳು ನಾನೇ. ಪುಸ್ತಕದಲ್ಲಿ ಎರಡೂ ಬರೆದಿತ್ತು. ಪಟ್ಟೆ ಎಳೆದರೆ ಹಾಳೆ ಅಂದ ಕೆಡುತ್ತೆ ಅಂತ ಎಳೀಲಿಲ್ಲ. ಆಮೇಲೆ ನೀವು ನೋಟೀಸು ತಂದಾಗ ಸುಳ್ಳು ಹೇಳಿದೆ."

ಮೇಸ್ತ್ರಿ ಚೀಟಿಯನ್ನು ನಾಲ್ಕಾಗಿ ಮಡಚಿದ. ಜೇಬಿಗೆ ಹಾಕಿದ. ಸಿಟ್ಟು ಬರುವುದನ್ನು ಅವಳು ಕಾಯುತ್ತಿದ್ದಳು, ಅದು ಬರಲಿಲ್ಲ. ಅಳತೆ ಕೇಳುವ ಕೆಲಸದವನ ದನಿಯಲ್ಲಿ, ಒಂದೇ ಪ್ರಶ್ನೆ ಕೇಳಿದ.

"ಪಟ್ಟೆ ಎಳೆಯೋಕೆ ಎಷ್ಟು ಹೊತ್ತು ಬೇಕಿತ್ತು?"

ಕೆಲಸ ಬಲ್ಲವಳಿಗೆ ಲೆಕ್ಕ ಗೊತ್ತಿರುತ್ತದೆ. "ಒಂದೂವರೆ ಗಂಟೆ," ಎಂದಳು.

"ನಂಗೆ ಹೋಗೋಕೇ ಅಷ್ಟಾಗ್ತಿತ್ತು," ಎಂದ. "ಬರೋಕೆ ಇನ್ನಷ್ಟು."

ಅಷ್ಟರಲ್ಲಿ ಅವರ ಓಣಿಯನ್ನು ಕೂಗಿದರು. ಮೇಸ್ತ್ರಿ ಎದ್ದು ಒಳಗೆ ಹೋಗಿ ಭಾಷಣ ಮಾಡಲಿಲ್ಲ. ಯಾವ ಬಾಗಿಲಲ್ಲಿ ಯಾವ ಕೆಲಸವಿತ್ತು ಅಂತ ಒಂದೊಂದಾಗಿ ಹೇಳಿ ಕೂತ. ಹಳದಿಯಕ್ಕ ಎದ್ದು ನಿಂತು ತಪ್ಪು ತನ್ನದು ಅಂದಳು. ಪುಸ್ತಕ ಕಟ್ಟುವವನ ಸೊಸೆ ಬೆರಗಾಗಿ ಅವಳನ್ನೇ ನೋಡಿದಳು. ಹಳದಿಯಕ್ಕ ತಲೆ ಎತ್ತದೆ ಹಾಳೆಗೆ ಸಹಿ ಹಾಕಿದಳು, ಅದೇ ಎರಡು ಸೊಟ್ಟ ಗೆರೆ. ಅಧಿಕಾರಿ ಒಳ್ಳೆಯವನು, ಗದರಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಒತ್ತಿದ, ಪರದೆಯ ಮೇಲೆ ಓಣಿಗೆ ಪಟ್ಟೆ ಬಂತು.

"ನಿಮ್ಮ ಶೆಡ್ಡೂ ವಾಪಸ್ ತರಬಹುದು ಈಗ," ಎಂದು ಮೇಸ್ತ್ರಿಗೆ ಹೇಳಿದ.

"ಲೇತು ಮಾರಿ ಆಯ್ತು ಸಾರ್," ಎಂದ ಮೇಸ್ತ್ರಿ, ಪುಸ್ತಕ ಕಟ್ಟುವವನ ಸೊಸೆಯ ಕಡೆ ಕೈ ತೋರಿಸಿ. "ಇವರು ಬರಲಿ. ಇವರ ಮಕ್ಕಳು ಇನ್ನೂ ಚಿಕ್ಕವರು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತ. ಅವಳು ಪಕ್ಕದಲ್ಲಿ ಕೂರಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೂತಳು. ಬಸ್ಸು ಎರಡು ಸಿಗ್ನಲ್ಲು ದಾಟಿತು.

"ಬಯ್ದಾದರೂ ಬಿಡಿ ರೀ," ಎಂದಳು.

"ಬಯ್ದರೆ ಹೋದದ್ದು ಸಿಗುತ್ತಾ?" ಎಂದ. ಮತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ: "ನನಗೆ ಮಗಳು ಕಿಟಕಿಗೆ ಜೋತುಬೀಳ್ತಿದ್ದದ್ದು ನೆನಪಿದೆ. ಆಮೇಲೆ ಕೆಲಸ ಸಿಕ್ತು ಅಂತ ಬಂದು ಕಾಲಿಗೆ ಬಿದ್ದದ್ದು ನೆನಪಿದೆ. ಮಧ್ಯದ್ದು ನಂಗೆ ಗೊತ್ತಿಲ್ಲ. ನೀನು ಐದಕ್ಕೆಲ್ಲ ಮನೇಲಿರ್ತಿದ್ದೆ. ಹೇಳು."

"ಏನು ಹೇಳಲಿ?"

"ಶಾಲೆಯಿಂದ ಬಂದ ತಕ್ಷಣ ಏನ್ ಮಾಡ್ತಿದ್ಲು? ಯಾರ ಜೊತೆ ಜಗಳ ಆಡ್ತಿದ್ಲು? ಏನು ಕಂಡ್ರೆ ಹೆದರ್ತಿದ್ಲು? ಎಲ್ಲ ಹೇಳು. ಲೇತನ್ನ ಲಾರಿಗೆ ಹಾಕಿದ ದಿನದಿಂದ ಶುರು ಮಾಡು."

ಆ ದಿನ ಮಗಳಿಗೆ ಆರು ವರ್ಷ. ಹಳದಿಯಕ್ಕ ಅಲ್ಲಿಂದ ಶುರು ಮಾಡಿದಳು. ಲಾರಿ ಹೋದ ಮೇಲೆ ಖಾಲಿ ಶೆಡ್ಡಿನ ಕಿಟಕಿಗೆ ಹೋಗಿ, ಅಪ್ಪಾ ಎಂದು ಕೂಗಿ, ತಗಡಿನಲ್ಲಿ ತನ್ನ ದನಿ ತಿರುಗಿ ಬಂದದ್ದಕ್ಕೆ ನಕ್ಕಿದ್ದು. ಮುಂದಿನ ಹಲ್ಲು ಬಿದ್ದಾಗ ಅಪ್ಪನಿಗೆ ತೋರಿಸಬೇಕು ಎಂದು ಬೆಂಕಿಪೊಟ್ಟಣದಲ್ಲಿಟ್ಟು, ಕಾದು ಕಾದು ಅದನ್ನು ಹಿಡಿದುಕೊಂಡೇ ನಿದ್ದೆ ಹೋದದ್ದು. ಬೆಳಿಗ್ಗೆ ಪೊಟ್ಟಣವೇ ಸಿಗದೆ ಅತ್ತದ್ದು. ಅವನು ನಡುನಡುವೆ ತಡೆದು, ಯಾವ ಹಲ್ಲು, ಬಲಗಡೆಯದೋ ಎಡಗಡೆಯದೋ ಎಂದು ಕೇಳಿದ. ಅವಳು ಜ್ಞಾಪಿಸಿಕೊಂಡು ಹೇಳಿದಳು. ಕೆಲವಕ್ಕೆ ಅವಳಿಗೂ ಉತ್ತರ ಗೊತ್ತಿರಲಿಲ್ಲ. ಅವರ ನಿಲ್ದಾಣ ಬಂದಾಗ ಅವಳ ಮಾತಿನಲ್ಲಿ ಮಗಳಿಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ.